'ತಾಯಿ' ಪದದ ಪುಟ

ಭೀಮಾ ನದಿಯ ದಂಡೆಯ ಮಠದಲ್ಲಿ ನಿರಂಜನಯ್ಯನವರು ಪದಕೋಶ ಬರೆಸುತ್ತಿದ್ದರು. ಪದಕ್ಕೊಂದು ಪುಟ. ಮೇಲೆ ಅರ್ಥ, ಕೆಳಗೆ ಮೂಲ.

ಶಿಷ್ಯ ಚನ್ನಮಲ್ಲ ಮೂರು ವರ್ಷ ಬರೀ ಮಸಿ ಅರೆದಿದ್ದ. ಒಂದು ಪುಟ ಗುರುಗಳಿಗೆ ಒಪ್ಪಿಗೆಯಾದರೆ ಬರೆಯುವವರ ಸಾಲಿನಲ್ಲಿ ಜಾಗ. ಇಲ್ಲದಿದ್ದರೆ ಮತ್ತೆ ಮಸಿ. ಆಸಾಮಿ ಬಲು ಜಾಣ, ತೊಂದರೆಯೇ ಅದು.

ಅವನಿಗೆ ಬಂದ ಪದ 'ತಾಯಿ'. ಒಂದೇ ದಿನದಲ್ಲಿ ಬರೆದು ತಂದ. ಕನ್ನಡದಲ್ಲಿ ಹೆತ್ತವಳು, ಮರಾಠಿಯಲ್ಲಿ ಅಕ್ಕ, ಹಿಂದಿಯಲ್ಲಿ ದೊಡ್ಡಪ್ಪನ ಹೆಂಡತಿ. ಮೂಲ: ಮೂರಕ್ಕೂ ಕನ್ನಡವೇ.

"ಅರ್ಥ ಸರಿ ಅದ. ಮೂಲ ಯಾರು ಹೇಳಿದ್ರು?" ಎಂದರು ಗುರುಗಳು.

"ಯಾರೂ ಹೇಳಿಲ್ರಿ. ಎತ್ತಿ ಆಡಿಸಿದ ಅಕ್ಕನೂ ತಾಯಿನೇ, ದೊಡ್ಡವ್ವನೂ ತಾಯಿನೇ. ನನಗ ಹೊಳೀತು."

"ಭಾಳ ಚಂದ ಹೊಳದದ. ಹೊಳಿಗೆ ಹೋಗಿ, ಆ ಮಾತು ಆಡೋರನ್ನ ಕೇಳಿ ಬಾ."

ಹೊಳೆಯ ಮೆಟ್ಟಿಲ ಮೇಲೆ ಮರಾಠಿ ಹೆಂಗಸೊಬ್ಬಳು ಸೀರೆ ಹಿಂಡುತ್ತಿದ್ದಳು. ಇವನ ಪ್ರಶ್ನೆಗೆ ನಕ್ಕಳು.

"ನಾ ಕಣ್ಣು ಬಿಟ್ಟಾಗಲೇ ತಾಯಿ, ಅಂದ್ರ ನಮ್ಮಕ್ಕ, ಇದ್ದಳು, ನನಗ ಜಡಿ ಹಾಕ್ತಿದ್ದಳು. ಆ ಹೆಸರು ಎಲ್ಲಿಂದ ಬಂತೋ, ನನಗೇನು ಗೊತ್ತಪ್ಪಾ?"

ಕಾಶಿಯಿಂದ ಬಂದು ಇಲ್ಲೇ ನೆಲೆಸಿದ್ದ ಸಾಧು ಹೇಳಿದ: "ನಮ್ಮ ಕಡೆ ದೊಡ್ಡಪ್ಪನಿಗೆ ತಾಊ ಅಂತೀವಿ. ತಾಊನ ಹೆಂಡತಿ ತಾಈ. ಅದಕ್ಕೆ ನಿಮ್ಮ ಕನ್ನಡ ಯಾಕೆ ಬೇಕು?"

ಚನ್ನಮಲ್ಲನ ಮುಖ ಸಣ್ಣದಾಯಿತು. ಪುಟ ಹಿಡಿದು ಮೆಟ್ಟಿಲ ಮೇಲೆ ಕೂತ. ಅವರೂ ಹೌದೆಂದರು ಎಂದು ಹೇಳಿಬಿಟ್ಟರೆ ಯಾರು ಬಂದು ಕೇಳುತ್ತಾರೆ? ಮೂರು ವರ್ಷದ ಆಸೆ ಕೈಗೆ ಬರುತ್ತದೆ. ನಿಜಕ್ಕೂ ಹೆದರಿದ್ದ, ಪಾಪ. ಆದರೂ ಪುಟ ಹರಿದು ಹಾಕಿದ. ಹರಿದ ಮೇಲೆ ಯಾಕೋ ಹಗುರವೆನಿಸಿ, ಹೆಚ್ಚುಕಡಿಮೆ ಓಡುತ್ತಲೇ ಮಠಕ್ಕೆ ಬಂದು ಹೊಸದಾಗಿ ಬರೆದ.

ಎಲ್ಲರೆದುರು ನಿಂತು ಓದಿದ. "ಹಿಂದಿಯದು ತಾಊನಿಂದ ಬಂದದ್ದು. ಕನ್ನಡದ್ದು, ಮಠಕ್ಕ ಬರೋ ತಮಿಳು ಯಾತ್ರಿಕರು ಅನ್ನೋ ತಾಯ್‌ಗೆ ನೆಂಟ, ಅದರಾಚೆ ನನಗ ತಿಳೀದು. ಮರಾಠಿಯದು ತಿಳೀಲೇ ಇಲ್ರಿ. ಜಾಗ ಖಾಲಿ ಬಿಟ್ಟೀನಿ."

ಹಿರಿಯ ಶಿಷ್ಯರು ಮುಸಿಮುಸಿ ನಕ್ಕರು. ಚನ್ನಮಲ್ಲ ತಲೆ ತಗ್ಗಿಸಲಿಲ್ಲ.

"ತುಂಬಿಸಾಕ ಬರ್ತಿತ್ತಲ್ಲ?" ಎಂದರು ಗುರುಗಳು.

"ಬರ್ತಿತ್ರಿ. ಬೇಕಂತಲೇ ಬಿಟ್ಟೆ."

ನಿರಂಜನಯ್ಯನವರು ಪುಟ ತೆಗೆದುಕೊಂಡು ಸಹಿ ಹಾಕಿದರು. ತಾವು ಕೂತಿದ್ದ ಚಾಪೆಯಲ್ಲೇ ಪಕ್ಕಕ್ಕೆ ಸರಿದರು.

"ಬಾ, ಕೂಡು. ಇಷ್ಟು ಜಾಗ ಖಾಲಿ ಬಿಡಾಕ ನನಗ ಇಪ್ಪತ್ತು ವರ್ಷ ಹಿಡೀತು."