ದುಂಡಮ್ಮ ಬರೆದ ಮೂರು ಚೌಕ

ಶಂಭುಲಿಂಗ ಮಾಡಿದ್ದು ಅನ್ಯಾಯ. ದುಂಡಮ್ಮ ಬರೆದ ಪದವನ್ನು ಅವಳ ಕಣ್ಣೆದುರೇ ಅಳಿಸಿದ. ಅವಳನ್ನು ಒಂದು ಮಾತು ಕೇಳಲಿಲ್ಲ. ಅಂಗೈಯಿಂದ ಉಜ್ಜಿ ಹಾಕಿದ, ಅಷ್ಟೆ.

ಇದು ನಡೆದದ್ದು ಹೊಳೆಯ ದಡದಲ್ಲಿ, ಆಶ್ರಮದ ಕೆಳಗಿನ ಮಂಟಪದಲ್ಲಿ. ಆಚೆ ದಡಕ್ಕೆ ಹೋಗುವವರು ಹರಿಗೋಲಿಗೆ ಕಾಯುವ ಜಾಗ ಅದು.

ಆ ಮಂಟಪದ ಗೋಡೆಗೆ ಗುರು ಒಂದು ಕಪ್ಪು ಹಲಗೆ ಹೊಡೆಸಿದ್ದ. ದಿನಾ ಬೆಳಿಗ್ಗೆ ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಪದಬಂಧ ಬರೆಯುತ್ತಿದ್ದ. ಸಂಜೆ ತಾನೇ ಒರೆಸುತ್ತಿದ್ದ.

ಪತ್ರಿಕೆಯಲ್ಲಿ ಬರುವ ಪದಬಂಧ ಒಬ್ಬನ ಸೊತ್ತು. ಅವನು ಪೆನ್ನು ಹಿಡಿದು ಮೂಲೆಯಲ್ಲಿ ಕೂತರೆ ಮನೆಯವರು ಸುತ್ತು ಬಳಸಿ ಓಡಾಡಬೇಕು. ಈ ಪದಬಂಧ ಹೊಳೆ ದಾಟುವ ಎಲ್ಲರದು. ನಿಯಮ ಒಂದೇ. ಒಬ್ಬರಿಗೆ ದಿನಕ್ಕೆ ಒಂದೇ ಪದ.

ಪ್ರತಿದಿನ ಎಲ್ಲ ಉತ್ತರಗಳಿಗೂ ಒಂದು ನಂಟು ಇರುತ್ತಿತ್ತು. ಅಂದಿನ ನಂಟನ್ನು ಗುರು ಹಲಗೆಯ ತಲೆಯ ಮೇಲೆ ಬರೆದಿದ್ದ: ದಿನಾ ಹೋಗಿ ಬರುವವು.

ಮೊದಲ ಸುಳಿವು 'ಹೋಗುವವನಿಗೂ ಬರುವವನಿಗೂ ಒಂದೇ.' ಹಾಲಿನವನೊಬ್ಬ 'ಹಾದಿ' ಎಂದು ಬರೆದ. 'ನೀರಲ್ಲೇ ಬಾಳು, ಒಳಗೆ ನೀರು ಬಂದರೆ ಸಾವು.' ಅಂಬಿಗ ಸಿಂಗ್ರಯ್ಯ 'ಹರಿಗೋಲು' ಎಂದು ಬರೆದು, "ನನ್ನ ಹೊಟ್ಟೆಪಾಡನ್ನೇ ಒಗಟು ಮಾಡವ್ರೆ" ಎಂದು ನಗಿಸಿದ.

ದುಂಡಮ್ಮ ಆಚೆ ದಡದವಳು, ಬುಟ್ಟಿ ಹೆಣೆಯುವವಳು. ದಿನಾ ಬೆಳಿಗ್ಗೆ ಈ ದಡಕ್ಕೆ ಬಂದು ಬಿದಿರು ಹೊತ್ತೊಯ್ಯುತ್ತಿದ್ದಳು. ಮೂರು ತಿಂಗಳಿಂದ ಮಧ್ಯಾಹ್ನ ಆಶ್ರಮಕ್ಕೆ ಬಂದು ಅಕ್ಷರ ಕಲಿಯುತ್ತಿದ್ದಳು. ಹಲಗೆಯ ಮುಂದೆ ದಿನಾ ನಿಲ್ಲುತ್ತಿದ್ದಳು, ಒಂದು ದಿನವೂ ಬರೆದವಳಲ್ಲ. ಅಂದು ಒಂದು ಸುಳಿವನ್ನು ಬೆರಳಿಟ್ಟು ಓದಿದಳು.

'ತುಂಬಿಕೊಂಡು ಹೋಗಿ ಹೊಲಕ್ಕೆ ಉಣಿಸುತ್ತದೆ, ಹಸಿದುಕೊಂಡು ಮನೆಗೆ ಬರುತ್ತದೆ.' ಮೇಲಿನಿಂದ ಕೆಳಕ್ಕೆ ಮೂರು ಚೌಕ.

"ಅಯ್ಯೋ, ಗೊಬ್ಬರ ಹೊರೋದು! ನಾನೇ ಹೆಣೆದದ್ದು!" ಎಂದಳು. ತಲೆಯ ಮೇಲಿನ ಹೊರೆ ಇಳಿಸಿ, ಸೀಮೆಸುಣ್ಣ ಹಿಡಿದು ಬರೆದಳು. ಮ. ಕ್ಕ. ರಿ.

ಆಗ ಶಂಭುಲಿಂಗ ಸ್ನಾನ ಮುಗಿಸಿ ಬಂದ. ಆಶ್ರಮದ ಶಿಷ್ಯರಲ್ಲಿ ಪದಬಂಧ ಬಿಡಿಸುವುದರಲ್ಲಿ ಅವನೇ ಮುಂದು. ಅದು ಅವನಿಗೂ ಗೊತ್ತಿತ್ತು.

ಅವನ ಕಣ್ಣು ಎಡದಿಂದ ಬಲಕ್ಕೆ ಇದ್ದ ನಾಲ್ಕು ಚೌಕಗಳ ಮೇಲೆ ಬಿತ್ತು. ಮೊದಲ ಚೌಕದಲ್ಲಿ 'ಹಾದಿ'ಯ 'ದಿ' ಇತ್ತು. ಸುಳಿವಿನ ಮೊದಲ ಮಾತು 'ಹಗಲು'. ಮುಂದೆ ಓದುವ ಅಗತ್ಯ ಅವನಿಗೆ ಕಾಣಲಿಲ್ಲ. ದಿನಕರ.

ಆದರೆ ಮೂರನೆಯ ಚೌಕದಲ್ಲಿ 'ಕ' ಬರಬೇಕು. ಅಲ್ಲಿ ದುಂಡಮ್ಮನ 'ಮ' ಕೂತಿತ್ತು.

ಅಳಿಸಿದ. 'ದಿನಕರ' ಬರೆದ. ಕೆಳಕ್ಕೆ ಈಗ 'ಕ'ದಿಂದ ಶುರುವಾಗುವ ಪದ ಬೇಕಾಯಿತು. 'ಕಣಜ' ಎಂದು ಅದನ್ನೂ ತಾನೇ ತುಂಬಿದ.

"ಹಂಗಾದ್ರೆ ನಂದು ತಪ್ಪಾ ಸ್ವಾಮಿ?" ಎಂದಳು ದುಂಡಮ್ಮ.

"ತಪ್ಪಮ್ಮ. ಅಡ್ಡ ಬರುತ್ತೆ."

"ಇರಬೈದು. ನೀವು ಓದಿದೋರು."

ಹೊರೆ ಎತ್ತಿಕೊಂಡು ಹರಿಗೋಲು ಹತ್ತಿದಳು. ಅಂದು ಮಧ್ಯಾಹ್ನ ಅಕ್ಷರ ಕಲಿಯಲು ಬರಲಿಲ್ಲ.

ಸಂಜೆ ಗುರು ಹಲಗೆಯ ಮುಂದೆ ನಿಂತ. ಶಂಭುಲಿಂಗನನ್ನು ಕರೆದ.

"ಎಷ್ಟು ಪದ ಬರೆದೆ?"

"ಎರಡು."

"ನಿಯಮ?"

"ಒಂದು. ಆದರೆ ಮೊದಲನೆಯದು ಕೂರಬೇಕಾದರೆ ಎರಡನೆಯದು ಬೇಕಾಯಿತು ಗುರುಗಳೇ."

"ಕಣಜ ಅಂದಿದ್ದೀಯ."

"ಹೌದು. ಅದೂ ಬಿದಿರಿನದೇ. ತುಂಬುತ್ತದೆ, ಬರಿದಾಗುತ್ತದೆ. ಹೊಲಕ್ಕೆ ಬಿತ್ತನೆ ಬೀಜ ಅದರಿಂದಲೇ ಹೋಗಬೇಕು."

"ಹೋಗಿ ಮನೆಗೂ ಬರುತ್ತದೋ?"

ಶಂಭುಲಿಂಗ ಹಲಗೆಯ ಮೇಲಿನ 'ಕಣಜ'ವನ್ನು ಇನ್ನೊಮ್ಮೆ ನೋಡಿದ.

"ನಿಮ್ಮೂರಲ್ಲಿ ಕಣಜಕ್ಕೆ ಕಾಲಿದೆಯೇನಪ್ಪ?"

"ಪದಬಂಧದಲ್ಲಿ ಅರ್ಥವನ್ನು ಸ್ವಲ್ಪ ಎಳೆದುಕೊಳ್ಳಬೇಕಾಗುತ್ತದೆ."

"ಎಳೆದುಕೊಂಡೆ," ಎಂದ ಗುರು. "ಯಾರ ಕೈಯಿಂದ ಎಳೆದುಕೊಂಡೆ ಅನ್ನೋದನ್ನ ನೋಡು."

ಅಂದು ಗುರು ಹಲಗೆ ಒರೆಸಲಿಲ್ಲ.

ಮರುದಿನವೂ ಅದೇ ಪದಬಂಧ ಇತ್ತು. ಅದರ ಮರುದಿನವೂ.

"ಏನು ಬುದ್ದಿ, ಹಳಸಿದ್ದನ್ನೇ ಬಡಿಸ್ತಿದೀರಿ?" ಎಂದು ಸಿಂಗ್ರಯ್ಯ ಕೇಳಿದ.

"ಉಣ್ಣಬೇಕಾದವರು ಒಬ್ಬರು ಎದ್ದು ಹೋಗಿದ್ದಾರೆ ಸಿಂಗ್ರಯ್ಯ."

ದುಂಡಮ್ಮ ದಿನವೂ ಬರುತ್ತಿದ್ದಳು. ಮಂಟಪದೊಳಗೆ ಕಾಲಿಡುತ್ತಿರಲಿಲ್ಲ. ಬಿಸಿಲಲ್ಲೇ ನಿಂತು, ಹಲಗೆಗೆ ಬೆನ್ನು ಮಾಡಿ, ಹರಿಗೋಲು ಬಂದ ಕೂಡಲೇ ಹತ್ತಿಬಿಡುತ್ತಿದ್ದಳು.

ಮೂರನೆಯ ದಿನ ಬೇರೆ ದಾರಿ ಕಾಣದೆ ಶಂಭುಲಿಂಗ ಆ ನಾಲ್ಕು ಚೌಕದ ಸುಳಿವನ್ನು ಕೊನೆಯವರೆಗೆ ಓದಿದ.

'ಹಗಲು ತೊಡುವ ಒಡವೆ, ಸಂಜೆ ಕಳಚಿ ಇಡುತ್ತದೆ.'

ಒಡವೆ. ಮಣಿ. ದಿನಮಣಿ.

ಎಂಥ ಚೆಂದದ ಸುಳಿವು ಎಂದು ಒಂದು ಕ್ಷಣ ಖುಷಿಪಟ್ಟ. ಮರುಕ್ಷಣ ಕಿವಿ ಬಿಸಿಯಾಯಿತು. ಮೂರನೆಯ ಚೌಕಕ್ಕೆ ಬೇಕಿದ್ದದ್ದು 'ಮ'. ಅದು ಅಲ್ಲೇ ಇತ್ತು. ದುಂಡಮ್ಮ ಅವನಿಗಿಂತ ಮೊದಲೇ ಬಂದು ಬರೆದು ಇಟ್ಟಿದ್ದಳು. ಉತ್ತರಕ್ಕೆ ದಾರಿ ತೋರಿದ ಅಕ್ಷರವನ್ನೇ ಅವನು ಅಡ್ಡ ಎಂದಿದ್ದ.

ಆತುರಾತುರವಾಗಿ ತನ್ನ ಎರಡೂ ಪದ ಅಳಿಸಿದ. 'ದಿನಮಣಿ' ಬರೆದ. 'ಮಕ್ಕರಿ' ಬರೆದ. ಅಕ್ಷರ ದುಂಡಗೆ, ಮುತ್ತಿನಂತೆ ಬಿದ್ದವು. ಓಡಿಹೋಗಿ ಗುರುವನ್ನು ಕರೆತಂದ.

"ಸರಿಮಾಡಿದೆ ಗುರುಗಳೇ. ಅವಳದೇ ಸರಿ."

ಗುರು ಓದಿದ. ಹೆಗಲ ಮೇಲಿನ ಬಟ್ಟೆ ತೆಗೆದು ಎರಡೂ ಪದಗಳನ್ನು ಒರೆಸಿದ. 'ಹಾದಿ'ಯ 'ದಿ' ಮಾತ್ರ ಉಳಿಯಿತು.

"ಯಾಕೆ? ಸರಿಯಾಗಿತ್ತಲ್ಲ!"

"ಸರಿಯಾಗಿತ್ತು. ಯಾರ ಕೈಬರಹ?"

"ನನ್ನದು."

"ಮೊನ್ನೆ ನೀನು ಅವಳಿಂದ ತಪ್ಪಾಗಿ ಕಿತ್ತುಕೊಂಡೆ," ಎಂದ ಗುರು. "ಇವತ್ತು ಸರಿಯಾಗಿ ಕಿತ್ತುಕೊಂಡೆ."

ಶಂಭುಲಿಂಗ ಹರಿಗೋಲು ಹತ್ತಿದ.

ಆಚೆ ದಡದಲ್ಲಿ ದುಂಡಮ್ಮ ಗುಡಿಸಲ ಮುಂದೆ ಕೂತು ಬಿದಿರು ಸೀಳುತ್ತಿದ್ದಳು. ಅವನನ್ನು ಕಂಡು ಏಳಲಿಲ್ಲ. ಕತ್ತಿಯೂ ನಿಲ್ಲಲಿಲ್ಲ.

"ಬುಟ್ಟಿ ಬೇಕಿತ್ತಾ ಸ್ವಾಮಿ?"

"ಇಲ್ಲ. ನೀವು ಬರೆದ ಪದವೇ ಸರಿ. ಅದನ್ನು ಹೇಳಲು ಬಂದೆ."

"ನಂಗೊತ್ತು."

"ಅವತ್ತೇ ಗೊತ್ತಿತ್ತಾ?"

"ಮೂವತ್ತು ವರ್ಷದಿಂದ ಹೆಣೀತಿದೀನಿ. ಮಕ್ಕರಿ ಯಾವುದು, ಕಣಜ ಯಾವುದು, ನೀವು ಹೇಳಿಕೊಡಬೇಕಾ?"

"ಮತ್ತೆ ಸುಮ್ಮನೆ ಯಾಕೆ ಹೋದಿರಿ?"

ದುಂಡಮ್ಮ ಈಗ ಕತ್ತಿ ಕೆಳಗಿಟ್ಟಳು.

"ಮಕ್ಕರಿ ಮೇಲೆ ಅನುಮಾನ ಬರ್ಲಿಲ್ಲ ಸ್ವಾಮಿ. ನಾನು ಕಲಿತ ಅಕ್ಷರದ ಮೇಲೆ ಬಂತು. ನಾನು ಬರೆದಿದ್ದು ಮಕ್ಕರಿ ಅಂತ ನಿಮ್ಮಂಥೋರಿಗೆ ಓದಕ್ಕೆ ಬರ್ತದೋ ಇಲ್ವೋ ಅಂತ. ಈ ವಯಸ್ನಲ್ಲಿ ಇದೆಲ್ಲ ನಂಗ್ಯಾಕೆ ಅನ್ನಿಸ್ತು."

ಶಂಭುಲಿಂಗ ಬಾಗಿಲ ಕಡೆ ನೋಡಿದ. ಅವಳ ಸ್ಲೇಟು ನೀರಿನ ಮಡಕೆಗೆ ಮುಚ್ಚಳವಾಗಿತ್ತು.

"ತಪ್ಪಾಯಿತು," ಎಂದ. "ನಾಳೆಯಿಂದ ಬನ್ನಿ."

"ಈಗ ತಪ್ಪಾಯ್ತು ಅಂದ್ರಲ್ಲ, ಯಾರ್ಯಾರು ಕೇಳಿಸ್ಕೊಂಡ್ರು?"

"ನೀವು."

"ಅವತ್ತು ಅಳಿಸಿದಾಗ ಯಾರ್ಯಾರು ನೋಡಿದ್ರು?"

"ಮಂಟಪದಲ್ಲಿ ಇದ್ದವರೆಲ್ಲ."

"ಬೀದೀಲಿ ಬೈದು ಹಿತ್ತಲಲ್ಲಿ ಸಮಾಧಾನ ಹೇಳೋದು ಯಾವೂರ ನ್ಯಾಯ ಸ್ವಾಮಿ?" ಎಂದು ದುಂಡಮ್ಮ ಮತ್ತೆ ಕತ್ತಿ ಎತ್ತಿಕೊಂಡಳು. "ಸರಿದು ನಿಂತ್ಕಳಿ, ಸಿಬಿರು ಹಾರುತ್ತೆ."

ವಾಪಸು ಬಂದು ಶಂಭುಲಿಂಗ ಇದನ್ನೆಲ್ಲ ಗುರುವಿಗೆ ಹೇಳಿದ.

"ಜನರ ಮುಂದೆ ಹೇಳಿದರೆ ಆಶ್ರಮದ ಮರ್ಯಾದೆ ಏನಾಗುತ್ತದೆ ಗುರುಗಳೇ?"

"ಅವಳದು ಹೋದಾಗ ಈ ಪ್ರಶ್ನೆ ಯಾಕೆ ಬರಲಿಲ್ಲ?"

ಮರುದಿನ ಸಂತೆ. ಮಂಟಪ ತುಂಬಿತ್ತು. ದುಂಡಮ್ಮ ಎಂದಿನಂತೆ ಹೊರಗೆ ಬಿಸಿಲಲ್ಲಿ ನಿಂತಿದ್ದಳು. ಶಂಭುಲಿಂಗ ಹಲಗೆಯ ಪಕ್ಕ ನಿಂತ.

"ಮೊನ್ನೆ ಇಲ್ಲಿ ದುಂಡಮ್ಮ ಬರೆದ ಪದ ಸರಿಯಾಗಿತ್ತು. ನಾನು ಬರೆದ ಎರಡೂ ತಪ್ಪು. ನಾನು ಸುಳಿವನ್ನು ಪೂರ್ತಿ ಓದಿರಲಿಲ್ಲ. ಅವರನ್ನು ಕೇಳಲೂ ಇಲ್ಲ. ಅಳಿಸಿದೆ."

"ಏನಂತ ಬರೆದಿದ್ರಿ ಸ್ವಾಮಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಕಣಜ."

"ಕಣಜ ದಿನಾ ಹೋಗಿ ಬರ್ತದಂತೆ! ಸಿಂಗ್ರಯ್ಯ, ನಿನ್ನ ಹರಿಗೋಲು ಹತ್ತೀತು, ಹುಷಾರು!"

ಮಂಟಪವೆಲ್ಲ ನಕ್ಕಿತು. ಶಂಭುಲಿಂಗ ತಲೆ ತಗ್ಗಿಸಲಿಲ್ಲ. ನಗು ನಿಲ್ಲುವವರೆಗೆ ನಿಂತೇ ಇದ್ದ.

ದುಂಡಮ್ಮ ಒಳಗೆ ಬಂದಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಬರೆದಳು.

'ಮ' ಬಂತು. 'ಕ್ಕ' ಬರೆಯುವಾಗ ಕೈ ತಡೆಯಿತು. ಶಂಭುಲಿಂಗನ ತುಟಿ ಅಲುಗಿತು. ಹಲ್ಲು ಕಚ್ಚಿಕೊಂಡ. ಅವಳು ಒಂದು ಸಲ ಗಾಳಿಯಲ್ಲಿ ಬರೆದು ನೋಡಿ, ಆಮೇಲೆ ಹಲಗೆಯ ಮೇಲೆ ಬರೆದಳು. 'ರಿ' ಸ್ವಲ್ಪ ಚೌಕದಿಂದ ಹೊರಗೆ ಹೋಯಿತು.

"ಓದಿ," ಎಂದಳು ಶಂಭುಲಿಂಗನಿಗೆ.

"ಮಕ್ಕರಿ."

"ಜೋರಾಗಿ."

"ಮಕ್ಕರಿ!"

ಜನ ಚಪ್ಪಾಳೆ ತಟ್ಟಿದರು. ಒಬ್ಬಳು ಮುದುಕಿ ದುಂಡಮ್ಮನ ಬೆನ್ನು ಸವರಿದಳು. ಎಲ್ಲರ ಮುಖದಲ್ಲೂ, ಏನೋ ಒಳ್ಳೆಯದು ಮಾಡಿದವರ ಹಾಗೆ, ಒಂದು ಕಳೆ ಬಂದಿತ್ತು.

ಗುರು ಚಪ್ಪಾಳೆ ತಟ್ಟಲಿಲ್ಲ.

"ನಿಮ್ಮಲ್ಲಿ ಯಾರ ಕೊಟ್ಟಿಗೆಯಲ್ಲಿ ಮಕ್ಕರಿ ಇಲ್ಲ?" ಎಂದು ಕೇಳಿದ.

ಯಾರೂ ಕೈ ಎತ್ತಲಿಲ್ಲ.

"ಅಂದರೆ ಅವಳು ಬರೆದದ್ದು ಸರಿ ಅಂತ ಅವತ್ತು ಇಲ್ಲಿದ್ದ ಎಲ್ಲರಿಗೂ ಗೊತ್ತಿತ್ತು."

ಸಿಂಗ್ರಯ್ಯ ತಲೆ ಕೆರೆದುಕೊಂಡ. "ಗೊತ್ತಿತ್ತು ಬುದ್ದಿ. ಆದ್ರೆ ಅಳಿಸಿದೋರು ಆಶ್ರಮದೋರು. ನಾವೇನು ಹೇಳಾದು ಅಂತ..."

ಗುರು ಅವನೊಬ್ಬನನ್ನೇ ನೋಡಲಿಲ್ಲ. ಎಲ್ಲರನ್ನೂ ನೋಡಿದ.

"ಇನ್ನು ಮೇಲೆ ದುಡಿದು ಬಲ್ಲವರ ಮಾತನ್ನು ಓದಿದವನೊಬ್ಬ ಅಳಿಸಲು ಬಂದರೆ, ಅವನು ನಾನೇ ಆಗಿರಲಿ, ನೋಡುತ್ತ ನಿಲ್ಲಬೇಡಿ. ಅವನ ಕೈ ಹಿಡಿಯಿರಿ."