ಜೀರಿಗೆ ಪೊಟ್ಟಣದ ಪತ್ರಿಕೆ

“ಗುರುಗಳೇ, ದಾರಿಗೆ ಅಡ್ಡ ನಿಂತವನಿಗೂ ಕೈ ಮುಗಿಯಬೇಕು ಎನ್ನುತ್ತೀರಿ. ಮುಗಿದ ಕೈಯಲ್ಲಿ ಅವನನ್ನು ಎದುರಿಸುವುದು ಹೇಗೆ?” ಎಂದು ಶಿಷ್ಯ ಅಡಿವೆಪ್ಪ ಕೇಳಿದ.

ಗುರುಗಳು ಒಂದು ಕತೆ ಹೇಳಿದರು. ಅವರ ಕತೆಗಳಲ್ಲಿ ಅರ್ಧ ನಿಜ. ಯಾವ ಅರ್ಧವೆಂದು ಅವರಿಗೂ ತಿಳಿಯದು.

ಕಂಪನಿ ಸರ್ಕಾರ ಹೋಗಿ ರಾಣಿ ಸರ್ಕಾರ ಬಂದಿದ್ದ ಕಾಲ. ಹತ್ತಿಯ ಪೇಟೆಯೊಂದರಲ್ಲಿ ಒಬ್ಬ ಪತ್ರಿಕೆಯವನಿದ್ದ. ಆ ಪೇಟೆಯಲ್ಲಿ ಹತ್ತಿ ಕೊಳ್ಳುವವನು ಸಾಹುಕಾರ. ತಕ್ಕಡಿಯೂ ಅವನದೇ, ತೂಕದ ಕಲ್ಲೂ ಅವನದೇ. ತೂಕ ಯಾರ ಕಡೆ ವಾಲುತ್ತಿತ್ತೆಂದು ಹೇಳಬೇಕಾಗಿಲ್ಲ. ಊರಿನದೇ ಒಂದು ತಕ್ಕಡಿ ಬೇಕು ಎಂದು ಪತ್ರಿಕೆಯವನು ವಾರವಾರವೂ ಬರೆದ. ಅಚ್ಚಾಗುತ್ತಿದ್ದುದು ಇನ್ನೂರು ಪ್ರತಿ. ಓದುವವರು ಏಳು ಜನ, ಅವನನ್ನೂ ಸೇರಿಸಿ. ಈ ವಾರವೇ ಕೊನೆ, ಇನ್ನು ಪತ್ರಿಕೆ ಮುಚ್ಚುವುದೇ ಸರಿ ಎಂದುಕೊಂಡ.

ಆ ವಾರ ಇನ್ನೂರೂ ಖರ್ಚಾದವು. ಮರುವಾರವೂ ಅಷ್ಟೇ. ನನ್ನ ಮಾತು ಜನಕ್ಕೆ ನಾಟಿತು ಎಂದು ಅವನು ಹಿಗ್ಗಿದ.

ಸಾಹುಕಾರನಿಗೆ ದಿನಸಿ ಅಂಗಡಿಯೂ ಇತ್ತು. ಒಂದು ದಿನ ಪತ್ರಿಕೆಯವನ ಹೆಂಡತಿ ಅಲ್ಲಿಂದ ಜೀರಿಗೆ ತಂದಳು. ಪೊಟ್ಟಣ ಬಿಚ್ಚಿದರೆ ಗಂಡನದೇ ಲೇಖನ.

“ನಿಮ್ಮ ಬರಹಕ್ಕೆ ಕೊನೆಗೂ ಒಳ್ಳೆ ವಾಸನೆ ಬಂತು ನೋಡ್ರಿ!” ಎಂದಳು.

ಜನ ಓದಬಾರದೆಂದು ಸಾಹುಕಾರ ಆಳು ಕಳಿಸಿ ಎಲ್ಲ ಪ್ರತಿಗಳನ್ನೂ ಕೊಳ್ಳುತ್ತಿದ್ದ. ಸುಟ್ಟಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವನು ವ್ಯಾಪಾರಿ, ದುಡ್ಡು ಕೊಟ್ಟು ತಂದ ಕಾಗದಕ್ಕೆ ಬೆಂಕಿ ಇಡಲು ಅವನಿಗೆ ಕೈ ಬರಲಿಲ್ಲ. ಹರಿದ ಹಾಳೆಯನ್ನು ಯಾರು ಓದುತ್ತಾರೆ ಎಂದು ಪೊಟ್ಟಣ ಕಟ್ಟಿಸಿದ.

ಪತ್ರಿಕೆಯವನಿಗೆ ಮೊದಲು ಅವಮಾನವಾಯಿತು, ಆಮೇಲೆ ನಗು ಬಂತು. ಮುಂದಿನ ಸಂಚಿಕೆಯಿಂದ ಅವನ ಲೇಖನಗಳು ಗಿಡ್ಡವಾದವು. ಒಂದು ಪೊಟ್ಟಣಕ್ಕೆ ಒಂದು ಪೂರ್ತಿ ಹಿಡಿಸುವಂತೆ. ಮೆಣಸು, ಇಂಗು, ಜೀರಿಗೆಯ ಜೊತೆಗೆ ತಕ್ಕಡಿಯ ಮಾತು ಹಳ್ಳಿಹಳ್ಳಿಗೆ ಹೋಯಿತು. ಓದು ಬಲ್ಲವನೊಬ್ಬ ಓದಿದ, ಓಣಿಯೆಲ್ಲ ಕೇಳಿತು. ಆ ಸುಗ್ಗಿಗೆ ಬಂದ ರೈತರು, ಊರಿನ ತಕ್ಕಡಿ ಬರುವವರೆಗೆ ಗಾಡಿಯಿಂದ ಹತ್ತಿ ಇಳಿಸುವುದಿಲ್ಲ ಎಂದು ಕೂತರು. ಮೂರನೆಯ ದಿನ ತಕ್ಕಡಿ ಬಂತು.

ಪತ್ರಿಕೆಯವನು ನೇರವಾಗಿ ಸಾಹುಕಾರನ ಅಂಗಡಿಗೆ ಹೋಗಿ ಕೈ ಮುಗಿದ.

“ಗೆದ್ದ ಮೇಲೆ ಅಣಕಿಸಲಿಕ್ಕೆ ಬಂದೆಯೇನೋ?”

“ಇಲ್ಲ ಸಾಹುಕಾರರೇ. ನಾನು ಪತ್ರಿಕೆ ಮುಚ್ಚುವವನಿದ್ದೆ. ನೀವು ಕೊಳ್ಳದಿದ್ದರೆ ನನ್ನ ಮಾತು ನನ್ನ ಮನೆಯ ಹೊಸಿಲೂ ದಾಟುತ್ತಿರಲಿಲ್ಲ. ನಿಮ್ಮ ಉಪಕಾರ ದೊಡ್ಡದು.”

ಪತ್ರಿಕೆಯವನ ಕಣ್ಣು ತುಂಬಿತ್ತು. ಅದನ್ನು ಕಂಡು ಸಾಹುಕಾರ ಪಕ್ಕಕ್ಕೆ ಸರಿದು ಜಾಗ ಮಾಡಿದ. “ಕೂಡ್ರಿ,” ಎಂದು ಬೆಲ್ಲ, ನೀರು ತರಿಸಿದ.

ಅಡಿವೆಪ್ಪ ನಕ್ಕುಬಿಟ್ಟ. “ಮುಗಿಯಿತಲ್ಲ ಗುರುಗಳೇ! ಬೆಲ್ಲ ತಿಂದವನು ಅವನ ಮೇಲೆ ಇನ್ನೇನು ಬರೆದಾನು?”

“ತಪ್ಪು ಕಂಡಾಗಲೆಲ್ಲ ಬರೆದ ಕಣಯ್ಯಾ. ಆದರೆ ಕೈ ಮುಗಿದ ಮೇಲೆ ಸಿಟ್ಟು ಹುಡುಕಿದರೂ ಸಿಗದೆ, ಬರೀ ನಿಜವನ್ನೇ ಬರೆಯಬೇಕಾಯಿತು.”