ಕುರ್ಚಿ ಮೇಲಿನ ಮುಖಗಳು

ಆಸ್ಪತ್ರೆ ಸಮಿತಿಯ ಅಧ್ಯಕ್ಷ ರುದ್ರಗೌಡರು ಜವಾನನ ಮೇಲೆ ಹರಿಹಾಯ್ದರು. "ಜಿಲ್ಲಾ ಸಾಹೇಬ್ರು ಬರ್ತಿದ್ದಾರೆ. ಸಭೆಯಲ್ಲಿ ಎಲ್ಲಾ ಜನಾಂಗದವರೂ ಕಾಣ್ಬೇಕು. ಹೋದ ಸಲದವರನ್ನೇ ಕರ್ಕೊಂಡ್ಬಂದು ಕೂರಿಸು!"

ಹೋದ ಸಲ ಗೌಡರು ಆ ಜನರ ಜೊತೆ ಫೋಟೊ ತೆಗೆಸಿಕೊಂಡು, ಅವರು ಬಾಯಿ ತೆರೆಯುವ ಮೊದಲೇ ಹೊರಗೆ ಕಳಿಸಿದ್ದರು. ಈ ಸಲ ಯಾರೂ ಬರಲೊಪ್ಪಲಿಲ್ಲ.

ಜವಾನ ಆ ಫೋಟೊದಲ್ಲಿದ್ದ ಒಂದೊಂದು ಮುಖವನ್ನೂ ಬೇರೆಬೇರೆಯಾಗಿ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಕುರ್ಚಿಗೊಂದರಂತೆ ಇಟ್ಟ. ಸಾಹೇಬರು ಒಳಗೆ ಬಂದವರು ಬಾಗಿಲಲ್ಲೇ ನಿಂತರು.

"ಏನೋ ಇದು?" ಗೌಡರು ಕಿರುಚಿದರು.

"ನಿಮಗೆ ಬೇಕಿದ್ದದ್ದು ಮುಖ ತಾನೇ ಸ್ವಾಮಿ?"

ಸಾಹೇಬರು ಕೇಳಿದರು. "ಆ ಹೆಂಗಸಿನ ಫೋಟೊಗೆ ಮಾತ್ರ ಹಾರ ಯಾಕೆ?"

"ತಾಂಡಾದ ಸೋಮ್ಲಿಬಾಯಿ, ಸಾಹೇಬ್ರೆ. ಹಾವು ಕಚ್ಚಿದ್ರೆ ಕೊಡೋ ಔಷಧಿ ಇಲ್ಲಿ ತರಿಸಿಡಿ ಅಂತ ಕೇಳೋಕೆ ಅವತ್ತು ಬಂದಿದ್ಲು. ಮೊನ್ನೆ ಅವಳಿಗೇ ಹಾವು ಕಚ್ತು."

ಆಮೇಲೆ ಗೌಡರ ಕಡೆ ತಿರುಗಿದ. "ಇನ್ನು ಅವಳನ್ನ ಎಷ್ಟು ಸಭೆಗೆ ಬೇಕಾದ್ರೂ ಕೂರಿಸಿ ಸ್ವಾಮಿ. ತುಟಿ ಬಿಚ್ಚೋದಿಲ್ಲ."